ಮಾಸ್ತರರ ಮೇಲೆ ನಾನು ಬರೆದುಕೊಟ್ಟ ಜಬಾನಿ

ಶಾಂತಾ, ಈರಣ್ಣ, ಸಣ್ಣವ್ವ — ನಿಮ್ಮ ಅಜ್ಜ ಅಷ್ಟು ವರ್ಷ ಸರ್ವಿಸ್ ಮೋಟಾರು ನಡೆಸಿದರೂ ಒಬ್ಬರ ಮೈಗೂ ತಾಗಿಸಲಿಲ್ಲ ಎಂದು ನೀವು ಬಂದವರೆದುರೆಲ್ಲ ಹೇಳುತ್ತೀರಿ. ಅದು ಸುಳ್ಳು. ಅವರು ಒಬ್ಬರನ್ನು ಕೆಡವಿದರು. ತಪ್ಪು ಬಿದ್ದವರದೇ ಎಂದು ಪೊಲೀಸ್ ಫೌಜದಾರನಿಗೆ ಸಾಕ್ಷಿಯ ಜಬಾನಿ ಬರೆದುಕೊಟ್ಟು ಕೆಳಗೆ ರುಜು ಹಾಕಿದವಳು ನಾನು. ಬಿದ್ದವರು ನನಗೆ ಅಕ್ಷರ ಕಲಿಸಿದ ಗುರುಪಾದಯ್ಯ ಮಾಸ್ತರರು.

ಹೋದ ವಾರ ಈರಣ್ಣ ಹೊಸ ಮೋಟಾರ್ ಸೈಕಲ್ಲಿನ ಕೀಲಿಯನ್ನು ಅಜ್ಜನ ಪಟದ ಮುಂದೆ ಇಟ್ಟು, "ಅಜ್ಜಾ, ನಿನ್ನ ಕೈಗುಣ ನನಗ ಬರ್ಲಿ" ಎಂದು ಕೈಮುಗಿದ. ನಾನು ಅಡಿಗೆಮನೆಗೆ ಹೋಗಿಬಿಟ್ಟೆ. ಕಣ್ಣಿಗೆ ಹೊಗೆ ಹೋಯಿತೆಂದು ನೀವು ತಿಳಿದಿರಿ. ಎದುರು ನಿಂತು ಹೇಳುವ ಧೈರ್ಯ ನನಗೆ ಎಂದೂ ಇದ್ದಿಲ್ಲ. ಬರೆದರೆ ಹೇಳಿಯೇನು — ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತವರು ಗೋಕಾಕದಿಂದ ಮೂಡಲಗಿಗೆ ಹೋಗುವ ದಾರಿಯ ಮೇಲಿನ ಮಸಗುಪ್ಪಿ. ಆಗ ಹೆಣ್ಣುಮಕ್ಕಳನ್ನು ಸಾಲಿಗೆ ಕಳಿಸುತ್ತಿರಲಿಲ್ಲ. ಮಾಸ್ತರರು ಮೂರು ಸಲ ನಮ್ಮ ಮನೆಯ ಕಟ್ಟೆಗೆ ಬಂದು ಕೂತು ನಮ್ಮಪ್ಪನನ್ನು ಒಪ್ಪಿಸಿದರು. ಮೂರನೆಯ ಸಲ ಅಪ್ಪ, "ಇಕಿ ಕಲ್ತು ಏನ್ ಮಾಡ್ತಾಳ್ರಿ, ರೊಟ್ಟಿ ಮ್ಯಾಲ ಅಕ್ಷರ ಬರೀತಾಳೇನು?" ಎಂದ. ಮಾಸ್ತರರು, "ಬರೀಲಿ ಬಿಡ್ರಿ, ನಿಮ್ಮ ಹೊಟ್ಟಿಗೂ ನಾಕ ಅಕ್ಷರ ಹೋಗ್ಲಿ" ಎಂದು ನಕ್ಕರು. ಅಪ್ಪನೂ ನಕ್ಕ. ಆ ನಗೆಯಿಂದ ನಾನು ನಾಲ್ಕನೆಯ ಇಯತ್ತೆಯವರೆಗೆ ಕಲಿತೆ. ಊರಲ್ಲಿ ಹೆಬ್ಬೆಟ್ಟು ಒತ್ತದೆ ರುಜು ಹಾಕಬಲ್ಲ ಮೊದಲ ಹೆಣ್ಣುಮಗಳು ನಾನೇ ಆದೆ.

ಮದುವೆಯಾಗಿ ಗೋಕಾಕಕ್ಕೆ ಬಂದೆ. ನಿಮ್ಮ ಅಜ್ಜ ಗೋಕಾಕದಿಂದ ಮೂಡಲಗಿಗೆ ಜನರನ್ನು ಒಯ್ಯುವ ಸರ್ವಿಸ್ ಮೋಟಾರಿನ ಡ್ರೈವರ್. ದೊಡ್ಡ ಯುದ್ಧ ಬಂದು ಪೆಟ್ರೋಲು ಸಿಗದಂತಾಗುವುದಕ್ಕೆ ಇನ್ನೂ ಒಂದೆರಡು ವರ್ಷವಿತ್ತು. ಆ ಕಾಲಕ್ಕೆ ಡ್ರೈವರನೆಂದರೆ ಮಾಮಲೇದಾರನ ಠೀವಿ. ಚಕ್ಕಡಿಗಳು ದಾರಿ ಬಿಡುತ್ತಿದ್ದವು, ಎಮ್ಮೆಗಳೂ ಬಿಡುತ್ತಿದ್ದವು. ಸೈಕಲ್ಲಿನವರು ಮಾತ್ರ ಬೇಗ ಬಿಡುತ್ತಿರಲಿಲ್ಲ. ಗೋಕಾಕ ಫಾಲ್ಸಿನ ನೂಲಿನ ಗಿರಣಿಯ ಪಾಳಿ ಬಿಟ್ಟಾಗ ಸೈಕಲ್ಲುಗಳು ಸಾಲುಗಟ್ಟಿ ಬರುತ್ತಿದ್ದವು. ಅವರಿಗೂ ಡ್ರೈವರುಗಳಿಗೂ ಸದಾ ಬೈದಾಟ. ಅದರಿಂದ ಡ್ರೈವರುಗಳಲ್ಲಿ ಒಂದು ಕೆಟ್ಟ ಆಟ ಹುಟ್ಟಿತ್ತು. ಹಿಂದಿನಿಂದ ಸದ್ದಿಲ್ಲದೆ ಹತ್ತಿರ ಹೋಗಬೇಕು, ಒಂದು ಮೊಳ ಉಳಿದಾಗ ರಬ್ಬರಿನ ಹಾರ್ನು ಒತ್ತಬೇಕು. ಸೈಕಲ್ಲಿನವ ಗಾಬರಿಯಾಗಿ ಬೇಲಿಗೆ ಇಳಿಯುತ್ತಿದ್ದ. ಮೋಟಾರಿನಲ್ಲಿದ್ದವರು ನಗುತ್ತಿದ್ದರು. ನಾನು ತವರಿಗೆ ಹೋಗುವಾಗ ಡ್ರೈವರನ ಹೆಂಡತಿಯೆಂದು ಮುಂದಿನ ಸೀಟಿನಲ್ಲಿ ಕೂಡುತ್ತಿದ್ದೆ. ನಾನೂ ನಗುತ್ತಿದ್ದೆ — ಸೆರಗಿನ ಮರೆಯಲ್ಲಿ. ಮರೆಯಲ್ಲಿ ನಕ್ಕರೂ ನಗುವೇ.

ಮಾಸ್ತರರಿಗೆ ಒಂದು ಹಳೆಯ ಸೈಕಲ್ಲಿತ್ತು. ಸಾಲಿಯ ಕಾಗದಪತ್ರ ಒಯ್ಯಲು ಮೂಡಲಗಿಗೆ ಅದರ ಮೇಲೆಯೇ ಹೋಗಿಬರುತ್ತಿದ್ದರು. ಒಂದು ದಿನ ನಾನು ಮೂಡಲಗಿಯ ಸಂತೆಗೆ ಹೊರಟಾಗ ನಿಮ್ಮ ಅಜ್ಜ ಅವರನ್ನೂ ಬೇಲಿಗೆ ಇಳಿಸಿದರು. ಹೆದರಿದ್ದು ಮಾಸ್ತರರೆಂದು ನೋಡಿ ನನ್ನ ನಗು ನಿಂತಿತು. ಅವರು ಸುಮ್ಮನಿರಲಿಲ್ಲ. ಮೂಡಲಗಿಯ ಸ್ಟ್ಯಾಂಡಿಗೆ ಬಂದು, ಧೋತರಕ್ಕೆ ಹತ್ತಿದ ಮುಳ್ಳು ಕೀಳುತ್ತಲೇ ಮೋಟಾರಿನ ಮುಂದೆ ನಿಂತರು.

"ತಮ್ಮಾ, ನಿನ್ನ ಮೋಟಾರಕ್ಕ ಎರಡ ಕಣ್ಣ ಅದಾವು, ನಿನಗೂ ಎರಡ ಅದಾವು. ನಾಕರಾಗ ಒಂದಕ್ಕೂ ನಾ ಕಾಣಲಿಲ್ಲೇನು?"

"ಕಂಡ್ರಿ ಮಾಸ್ತರ, ಕಂಡದ್ದಕ್ಕ ಹಾರ್ನ್ ಹೊಡದ್ನಿ. ನೀವು ಬೋರಿಹಣ್ಣ ಆರಸಾಕ ಬೇಲಿಗೆ ಹೋದ್ರಿ, ನಾ ಏನ್ ಮಾಡ್ಲಿ?"

ಚಹಾದಂಗಡಿಯವರೆಲ್ಲ ನಕ್ಕರು. ನಿಮ್ಮ ಅಜ್ಜನಿಗೆ ಇನ್ನಷ್ಟು ಹುರುಪು ಬಂತು. "ದಾರಿ ಏನ್ ನಿಮ್ಮಪ್ಪಂದೇನ್ರಿ?" ಎಂದರು.

"ನಮ್ಮಪ್ಪಂದೂ ಅಲ್ಲ, ನಿಮ್ಮ ಮಾಲಕಂದೂ ಅಲ್ಲ. ಎಡಬಾಜೂ ಹೊಂಟವನ್ನ ಬದಕಾಕ ಬಿಡಬೇಕು, ಅಷ್ಟ," ಎಂದರು ಮಾಸ್ತರರು. ಆಮೇಲೆ ಮುಂದಿನ ಸೀಟಿನ ಕಡೆ ನೋಡಿ, ಸಣ್ಣ ದನಿಯಲ್ಲಿ, "ಗಂಗಾ, ನೀನೂ ಇದ್ದೀ ಏನವಾ?" ಎಂದರು.

ನಾನು ಸೆರಗು ಮುಂದಕ್ಕೆ ಎಳೆದುಕೊಂಡೆ. ಅಂಗಡಿಯವರೆದುರು ಮಾಸ್ತರರ ಬಾಯಿಗೆ ತಾನು ಸೋತೆನೆಂದು ನಿಮ್ಮ ಅಜ್ಜನ ಮನಸ್ಸಿನಲ್ಲಿ ಉಳಿದುಹೋಯಿತು.

ಎರಡು ವಾರದ ಮೇಲೆ ಬಸುರಿಯಾಗಿದ್ದ ನನ್ನ ತಂಗಿಗೆ ಕುಬಸದ ಶಾಸ್ತ್ರವಿತ್ತು. ನಾನು ಮಸಗುಪ್ಪಿಗೆ ಹೊರಟಿದ್ದೆ. ನನಗೂ ಐದು ತಿಂಗಳು — ಹೊಟ್ಟೆಯಲ್ಲಿ ಇದ್ದವನು ನಿಮ್ಮ ಅಪ್ಪ. ಮಧ್ಯಾಹ್ನದ ಬಿಸಿಲು. ಧೂಳಿಗೆಂದು ಹಿಂದಿನವರು ಎರಡೂ ಬಾಜೂ ತಾಡಪತ್ರಿ ಇಳಿಸಿಕೊಂಡಿದ್ದರು, ಹೊರಗಿನದು ಅವರಿಗೆ ಏನೂ ಕಾಣುತ್ತಿರಲಿಲ್ಲ. ಮುಂದೆ ನಾವಿಬ್ಬರೇ. ಊರು ಇನ್ನೂ ಅರ್ಧ ಮೈಲಿ ಇರುವಾಗ ದೂರದಲ್ಲಿ ಒಂದು ಸೈಕಲ್ ಕಂಡಿತು. ಬಿಳಿ ಟೋಪಿ, ಹೆಗಲಿಗೆ ಜೋಳಿಗೆ. ಎಡಬಾಜೂ, ದಾರಿಯ ಅಂಚಿಗೆ ಅಂಟಿಕೊಂಡು ಹೋಗುತ್ತಿದ್ದರು.

"ಮಾಸ್ತರು," ಎಂದೆ.

"ಗೊತ್ತೈತಿ," ಎಂದರು ನಿಮ್ಮ ಅಜ್ಜ.

ಆ ಎರಡನೆಯ ಮಾತು ಕೇಳಿದ ಮೇಲೂ ನನಗೆ ಬೇಡವೆನ್ನಲು ಹೊತ್ತಿತ್ತು. ನಾಲ್ಕು ಉಸಿರಿನಷ್ಟು ಹೊತ್ತು. ನಾನು ಅನ್ನಲಿಲ್ಲ. ಹೆದರಿಸಿ ಬಿಡುತ್ತಾರೆ, ಅಷ್ಟೇ ಎಂದುಕೊಂಡೆ. ಮೋಟಾರು ಹತ್ತಿರ ಹತ್ತಿರ ಹೋಯಿತು. ಹಾರ್ನು ಒತ್ತಿದಾಗ ಅವರು ಇನ್ನೂ ಎಡಕ್ಕೆ ಸರಿದರು. ಅಲ್ಲಿ ಸರಿಯಲು ನೆಲವಿರಲಿಲ್ಲ, ಮೋರಿಯ ಕಟ್ಟೆ ಇತ್ತು. ನಮ್ಮ ಮೋಟಾರಿನ ಮಡ್‌ಗಾರ್ಡು ಅವರ ಹಿಂದಿನ ಗಾಲಿಗೆ ತಾಗಿತು. ದೊಡ್ಡ ಸಪ್ಪಳವಾಗಲಿಲ್ಲ. ಕೊಡ ಕೆಳಗಿಟ್ಟಂತೆ ಒಂದು ಸಪ್ಪಳ — ಆಮೇಲೆ ಟೋಪಿ ಮಾತ್ರ ದಾರಿಯ ಮೇಲೆ ಇತ್ತು.

ಜನ ಇಳಿದು, ಮೋರಿಯಿಂದ ಅವರನ್ನು ಎತ್ತಿ, ಹೊಲದಿಂದ ಬಂದ ಚಕ್ಕಡಿಯಲ್ಲಿ ಊರಿಗೆ ಒಯ್ದರು. ತಲೆಗೆ ಪೆಟ್ಟು, ಬಲಗೈ ಮೊಳಕೈ ಹತ್ತಿರ ಮುರಿದಿತ್ತು. ಎಚ್ಚರವಿರಲಿಲ್ಲ.

ಇಲ್ಲಿಂದ ಮುಂದಿನದು ನನ್ನದೇ. ಇದನ್ನು ನಿಮ್ಮ ಅಜ್ಜನ ಮೇಲೆ ಹಾಕಬೇಡಿರಿ.

ಅಂದು ಸಂಜೆ ನಮ್ಮ ತವರಿನ ದನದ ಕೊಟ್ಟಿಗೆಯಲ್ಲಿ ನಿಮ್ಮ ಅಜ್ಜ ತಲೆ ಹಿಡಿದುಕೊಂಡು ಕೂತಿದ್ದರು. "ನಾಳಿ ಫೌಜದಾರ ಬರ್ತಾನ. ನಾ ಹೇಳಿಬಿಡ್ತೇನಿ. ಬೇಕಂತ ಬಾಜೂಕ ಒಯ್ದ್ನಿ ಅಂತ ಹೇಳ್ತೇನಿ," ಎಂದರು. ಅವರು ಖರೆ ಹೇಳಲು ತಯಾರಾಗಿದ್ದರು.

"ಸುಮ್ಮ ಇರ್ರಿ. ಹಿಂದಿನವರು ಯಾರೂ ನೋಡಿಲ್ಲ. ನಾ ಬರದ ಕೊಡ್ತೇನಿ," ಎಂದೆ.

ಅವರು ನನ್ನ ಮುಖ ನೋಡಿದರು. ಗಂಡ ಜೇಲಿಗೆ ಹೋದರೆ, ಹೊಟ್ಟೆಯಲ್ಲಿ ಕೂಸು — ಇದನ್ನೆಲ್ಲ ನಾನು ಆಗ ನನಗೆ ಹೇಳಿಕೊಂಡೆ. ಈಗ ಅದನ್ನು ನೆವ ಮಾಡಿ ನಿಮಗೆ ಹೇಳುವುದಿಲ್ಲ.

ಮರುದಿನ ಚಾವಡಿಯಲ್ಲಿ ಜನ ಕೂಡಿದ್ದರು. ಫೌಜದಾರನ ಕಾರಕೂನ ನನ್ನ ಹೆಸರು ಬರೆದುಕೊಂಡು, "ಗಂಡನ ಹೆಸರು?" ಎಂದ. ನಾನು ನೆಲ ನೋಡಿದೆ. ಗಂಡನ ಹೆಸರನ್ನು ಬಾಯಿಂದ ಹೇಳುವ ಪದ್ಧತಿ ನಮ್ಮಲ್ಲಿ ಇಲ್ಲ. ಹೇಳಲೇಬೇಕಾದರೆ ಮದುವೆಮನೆಯಲ್ಲಿ ಪ್ರಾಸದ ಒಡಪು ಕಟ್ಟಿ, ಅದರಲ್ಲಿ ಸೇರಿಸಿ ಹೇಳಬೇಕು. ಕಾರಕೂನ ಮತ್ತೆ ಕೇಳಿದ. ನಮ್ಮೂರಿನ ಮುದಿಗೌಡ, "ಸಾಹೇಬ್ರ, ಅಕಿ ಹೆಂಗ ಹೇಳ್ತಾಳ್ರಿ? ಒಡಪು ಹಾಕಂದ್ರ ಹಾಕ್ಯಾಳು, ಆಮ್ಯಾಲ ನೀವು ಸೀರಿ-ಕುಬಸ ಆಯಾರ ಮಾಡಬೇಕಾಗ್ತೈತಿ," ಎಂದ. ಜನ ನಕ್ಕರು.

"ಕಾಗದ ಕೊಡ್ರಿ, ಬರದ ಕೊಡ್ತೇನಿ," ಎಂದೆ.

ಕಾರಕೂನ ಕಾಗದ ಸರಿಸಿದ. ಮಸಿಯಲ್ಲಿ ಅದ್ದಿದ ಲೆಕ್ಕಣಿಕೆ ನನ್ನ ಕೈಗೆ ಬಂತು. ಗಂಡನ ಹೆಸರು ಬರೆದೆ — ಜೀವಮಾನದಲ್ಲಿ ಮೊದಲ ಸಲ. ಅದರ ಕೆಳಗೆ, ನಿಲ್ಲಿಸದೆ, ಉಳಿದದ್ದನ್ನೂ ಬರೆದೆ. ದೂರದಿಂದಲೇ ಹಾರ್ನು ಹೊಡೆದರು, ಸೈಕಲ್ಲಿನವರು ಎಡಬಾಜೂ ಬಿಟ್ಟು ಒಮ್ಮೆಲೆ ನಡುದಾರಿಗೆ ತಿರುಗಿದರು, ಡ್ರೈವರನ ತಪ್ಪಿಲ್ಲ. ಬಾಯಿಂದ ಹೇಳಬೇಕಾಗಿದ್ದರೆ ನಾಲಿಗೆ ತಡವರಿಸುತ್ತಿತ್ತೋ ಏನೋ. ಬರೆಯುವಾಗ ಕೈ ತಡವರಿಸಲಿಲ್ಲ. ದುಂಡಗಿನ ಅಕ್ಷರ, ಒಂದೂ ತಪ್ಪಿಲ್ಲ.

ಫೌಜದಾರ ಓದಿ, "ಡ್ರೈವರನ ಹೆಂಡತಿ ಮತ್ತೇನ್ ಬರೀತಾಳ? ಮಾಸ್ತರಿಗೆ ಎಚ್ಚರ ಆಗೇತಂತ, ಇದನ್ನ ಅವರಿಗ ತೋರಸೂಣು ನಡೀರಿ," ಎಂದ. ಅವನು ಜಾಣನಿದ್ದ. ನನ್ನ ಸುಳ್ಳು ಅಲ್ಲಿಯೇ ಮುರಿದುಬೀಳಬೇಕಿತ್ತು.

ಮಾಸ್ತರರು ತಮ್ಮ ಪಡಸಾಲೆಯಲ್ಲಿ ಹಾಸಿಗೆಯ ಮೇಲೆ ಒರಗಿದ್ದರು. ಕೈಗೆ ಬಿದಿರಿನ ದಬ್ಬೆ ಕಟ್ಟಿದ್ದರು. ಕಾಗದವನ್ನು ಎಡಗೈಯಲ್ಲಿ ಹಿಡಿದು ಓದಿದರು. ಮತ್ತೊಮ್ಮೆ ಓದಿದರು. ನಾನು ಬಾಗಿಲ ಹೊರಗೆ ನಿಂತಿದ್ದೆ.

"ಬಿದ್ದದ್ದು ನನಗ ನೆನಪಿಲ್ರಿ," ಎಂದರು. "ಎಡಕ್ಕ ಇದ್ನಿ ಅಂತ ಅನಸ್ತೈತಿ. ಆದ್ರ ಇದು ಗಂಗಾನ ಅಕ್ಷರ. ನನ್ನ ಕೈಯಾಗ ಕಲ್ತ ಹುಡುಗಿ. ಅಕಿ ಬರದಾಳಂದ್ರ ಹಂಗ ಆಗಿರಬೇಕು. ನನ್ನದ ತಪ್ಪು ಅಂತ ಬರಕೋರ್ರಿ."

ಮಕ್ಕಳೇ, ಆ ಮಾತು ಮುಗಿದ ಮೇಲೆ ಒಳಗೆ ಹೋಗಲು ನನಗೆ ಮೂರು ಹೆಜ್ಜೆ ಸಾಕಾಗಿತ್ತು. ನಾನು ಹೊಸ್ತಿಲು ದಾಟಲಿಲ್ಲ.

ಅವರ ಕೈ ಕೂಡಿತು, ಆದರೆ ಮಡಿಚಲು ಬರುತ್ತಿರಲಿಲ್ಲ. ಎಡಗೈಯಲ್ಲಿ ಖಡು ಹಿಡಿದು ಕರಿಹಲಗೆಯ ಮೇಲೆ ಬರೆಯಲು ಕಲಿತರು. ಸೈಕಲ್ಲನ್ನು ಮತ್ತೆ ಮುಟ್ಟಲಿಲ್ಲ. ಮೂಡಲಗಿಗೆ ನಡೆದೇ ಹೋಗುತ್ತಿದ್ದರು, ಬಿಸಿಲಾಗಲಿ ಮಳೆಯಾಗಲಿ. ಇಷ್ಟೇ ಆಗಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೇನೋ. ಆದರೆ ಕೆಲವು ವರ್ಷದ ಮೇಲೆ ನಮ್ಮಣ್ಣನ ಮಗಳು ಸಾಲಿಯಿಂದ ಬಂದು ಒಂದು ಪಾಠ ಒಪ್ಪಿಸಿದಳು: "ದಾರ್ಯಾಗ ಎಡಬಾಜೂ ಬಿಡಬ್ಯಾಡ್ರಿ. ನಾ ಒಮ್ಮಿ ಲಕ್ಷ್ಯ ಇಲ್ಲದ ನಡುದಾರಿಗೆ ಹ್ವಾದ್ನಿ, ನನ್ನ ಕೈ ನೋಡ್ರಿ. ತಪ್ಪು ನಂದು, ಡ್ರೈವರಂದಲ್ಲ." ಪ್ರತಿ ವರ್ಷ ಹೊಸ ಮಕ್ಕಳು ಬಂದಾಗ ಮಾಸ್ತರರು ಸೆಟೆದ ಆ ಕೈ ಎತ್ತಿ ತೋರಿಸಿ ಇದನ್ನು ಹೇಳುತ್ತಿದ್ದರಂತೆ. ನನ್ನ ಸುಳ್ಳನ್ನು ಅವರು ಪಾಠ ಮಾಡಿದರು. ಮಾಡದ ತಪ್ಪನ್ನು —

ಒಮ್ಮೆ ಅವರ ಮನೆಗೆ ಹೋಗಿದ್ದೆ. ನಿಮ್ಮಪ್ಪನನ್ನು ಎತ್ತಿಕೊಂಡಿದ್ದೆ. ಹೇಳಲೆಂದೇ ಹೋಗಿದ್ದೆ, ನಂಬಿರಿ, ಬಿಡಿರಿ. ನಾನು ಬಾಯಿ ತೆರೆಯುವ ಮುಂಚೆ ಅವರೇ, "ಗಂಗಾ, ನನ್ನಿಂದ ನಿನ್ನ ಗಂಡಗ ತ್ರಾಸ ಆಗ್ತಿತ್ತು. ನೀ ಇದ್ದಿ, ಉಳದಾ. ತಪ್ಪ ತಿಳೀಬ್ಯಾಡವಾ," ಎಂದರು. ನನ್ನ ಗುರು ನನ್ನ ಕ್ಷಮೆ ಕೇಳಿದರು. ಅವರು ಕೊಟ್ಟ ನೀರು ಕುಡಿದು, "ಇರ್ಲಿ ಬಿಡ್ರಿ," ಎಂದು ಎದ್ದು ಬಂದೆ. ಅವರನ್ನು ನಾನು ಕ್ಷಮಿಸಿ ಬಂದೆ.

ನಿಮ್ಮ ಅಜ್ಜ ಆ ದಿನದಿಂದ ಯಾವ ಸೈಕಲ್ಲಿನ ಹತ್ತಿರಕ್ಕೂ ಮೋಟಾರು ಒಯ್ಯಲಿಲ್ಲ, ವೇಗ ತಗ್ಗಿಸಿ, ದೂರದಿಂದ ಹಾರ್ನು ಹೊಡೆದು, ಕಾಯುತ್ತಿದ್ದರು. ನೀವು ಹೊಗಳುವುದು ಆ ಅಜ್ಜನನ್ನು. ಯುದ್ಧ ಮುಗಿದ ವರ್ಷ ಒಂದು ದಿನ ಊಟದ ನಡುವೆ, "ಮಾಸ್ತರಗ ಹೇಳಿಬಿಡೂಣೇನ?" ಎಂದರು. "ಈಗ ಯಾಕ," ಎಂದೆ ನಾನು. ಅವರು ಮತ್ತೆ ರೊಟ್ಟಿ ಮುರಿದರು. ಎರಡು ಸಲ ಅವರು ಖರೆಯ ಕಡೆ ತಿರುಗಿದರು, ಎರಡು ಸಲವೂ ತಡೆದವಳು ನಾನು. ಮರುವರ್ಷದ ಬೇಸಿಗೆಯಲ್ಲಿ ಮಾಸ್ತರರು ತೀರಿಕೊಂಡರು. ಹೇಳಬೇಕಾದ ಕಿವಿಯೇ ಇಲ್ಲವಾಯಿತು.

ಮಾಸ್ತರರ ಮಗಳು ಹುಕ್ಕೇರಿಯಲ್ಲಿ ಇದ್ದಾಳೆ, ನನಗಿಂತ ನಾಲ್ಕು ವರ್ಷ ಸಣ್ಣವಳು. ಅವಳೂ ತನ್ನ ಅಪ್ಪನದೇ ತಪ್ಪೆಂದು ನಂಬಿ ಮುದುಕಿಯಾದಳು. ಇದರದೇ ಇನ್ನೊಂದು ಪ್ರತಿ ಬರೆದಿದ್ದೇನೆ. ಬರುವ ಸೋಮವಾರ ಬಸ್ಸಿಗೆ ಹೋಗಿ ಅವಳ ಕೈಯಲ್ಲಿ ಕೊಡುತ್ತೇನೆ. ಒಳಗೆ ಕರೆದರೆ ಕೂತು, ಕರೆಯದಿದ್ದರೆ ಅಂಗಳದಲ್ಲಿ ನಿಂತು. ಈ ಸಲ ನನ್ನ ಜೊತೆ ಯಾರೂ ಬರಬೇಡಿರಿ.

ಅವಳು ಆ ಪ್ರತಿಯನ್ನು ಹರಿದು ಒಲೆಗೆ ಹಾಕಬಹುದು. ಅದು ಅವಳ ಹಕ್ಕು. ನೀವು ಮಾತ್ರ ನಿಮ್ಮದನ್ನು ನನ್ನ ಮೇಲಿನ ಪ್ರೀತಿಯಿಂದ ಬಚ್ಚಿಡಬೇಡಿರಿ, ಅಜ್ಜನ ಮಾನಕ್ಕಾಗಿ ಸುಡಬೇಡಿರಿ. ಮಾಸ್ತರರು ಎಡಬಾಜೂ ಇದ್ದರು ಎಂದು ಬರೆದ ಕಾಗದ ಬೇರೆ ಎಲ್ಲಿಯೂ ಇಲ್ಲ. ನೀರು ಗೆದ್ದಲು ತಾಗದ ಕಡೆ ಇದನ್ನು ಇಡಿರಿ, ಕೇಳಿದವರಿಗೆ ತೆಗೆದು ತೋರಿಸಿರಿ.