ಬೆಚ್ಚಗಿನ ಹಲಗೆ

ಯಾರ ಮನೆಗೆ ಹೋದರೂ ಈಗ ನಾನು ಮೊದಲು ಗೋಡೆ ಮುಟ್ಟಿ ನೋಡುತ್ತೇನೆ. ಸ್ವಿಚ್ಚಿನ ಸುತ್ತ, ಫ್ರಿಜ್ಜಿನ ಹಿಂದೆ, ಸೋಫಾದ ಬೆನ್ನಿಗೆ. ಧೂಳು ಹುಡುಕುತ್ತಿದ್ದೇನೆ ಅಂದುಕೊಂಡು ನನ್ನ ನಾದಿನಿ ಒಮ್ಮೆ ಮುಖ ಊದಿಸಿಕೊಂಡಳು. ಊದಿಸಿಕೊಳ್ಳಲಿ. ಆ ಭಾನುವಾರ ನನ್ನ ಅಂಗೈಗೆ ಹತ್ತಿದ ಭಯ ಇನ್ನೂ ಇಳಿದಿಲ್ಲ.

ಹಲಸೂರಿನ ನಮ್ಮ ಮನೆಯ ನಡುಕೋಣೆಯ ಗೋಡೆಗೆ ಎದೆಮಟ್ಟದವರೆಗೂ ಮರದ ಹಲಗೆ ಹೊದಿಸಿತ್ತು. ಹೊದಿಸಿದವರು ತೀರಿಹೋದ ನನ್ನ ಮಾವ. ಅವರು ದುಡಿಯುತ್ತಿದ್ದ ಕಾರ್ಖಾನೆಗೆ ಹೊರದೇಶದ ಯಂತ್ರಗಳು ದೊಡ್ಡ ದೊಡ್ಡ ಪೆಟ್ಟಿಗೆಗಳಲ್ಲಿ ಬರುತ್ತಿದ್ದವು. ಪೆಟ್ಟಿಗೆಯ ಪೈನ್ ಮರವನ್ನು ನೌಕರರಿಗೇ ಅಗ್ಗಕ್ಕೆ ಕೊಡುತ್ತಿದ್ದರು. ಈ ಕಡೆಯ ಎಷ್ಟೋ ಹಳೆಯ ಮನೆಗಳ ಮಂಚ, ಕಪಾಟು, ಅಟ್ಟಗಳೆಲ್ಲ ಹಾಗೆ ಪೆಟ್ಟಿಗೆಯಿಂದ ಹುಟ್ಟಿದವೇ. ಮಾವ ರಜೆಯ ದಿನಗಳಲ್ಲಿ ಒಬ್ಬರೇ ಕೂತು ಹಲಗೆ ಹೆರೆದು, ಗೋಡೆಗೆ ಕೂರಿಸಿ, ಡಿಕಾಕ್ಷನ್ ಬಣ್ಣದ ವಾರ್ನಿಷ್ ಬಳಿದಿದ್ದರಂತೆ. ನಾನು ಸೊಸೆಯಾಗಿ ಬರುವಷ್ಟರಲ್ಲಿ ಅದು ಕಪ್ಪಾಗಿತ್ತು. ಹಗಲಲ್ಲೂ ಲೈಟು ಹಾಕದೆ ಆ ಕೋಣೆಯಲ್ಲಿ ಅಕ್ಕಿ ಆರಿಸಲು ಆಗುತ್ತಿರಲಿಲ್ಲ.

ಕಿತ್ತು ಬಿಸಾಕೋಣ ಎಂದು ನಾನು ಎಷ್ಟು ಬಡಿದುಕೊಂಡರೂ ಅತ್ತೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಅವರು ಕೂರುವ, ಮಲಗುವ ದಿವಾನ ಆ ಗೋಡೆಗೇ ಅಂಟಿಕೊಂಡಿತ್ತು. ಸೊಂಟ ಹಿಡಿದುಕೊಂಡು, ಯಾರಾದರೂ ಎಬ್ಬಿಸದೆ ಏಳಲಾಗದ ಅವರು ಹಗಲೆಲ್ಲ ಹಲಗೆಗೆ ಬೆನ್ನು ಕೊಟ್ಟು ಕೂತಿರುತ್ತಿದ್ದರು. ಯಜಮಾನರು ಹಾಕಿದ ಹಲಗೆ ಬೆಚ್ಚಗಿರುತ್ತದೆ, ಸಿಮೆಂಟಿನ ಹಾಗೆ ಕೊರೆಯುವುದಿಲ್ಲ ಎಂದು ಬಂದವರಿಗೆಲ್ಲ ಹೇಳುವರು. ಬೆಂಗಳೂರಿನ ಚಳಿಯಲ್ಲಿ ನನಗೂ ಅದು ನಿಜವೆನ್ನಿಸಿತ್ತು.

ನಾನು ದೊಡ್ಡನೆಕ್ಕುಂದಿಗೆ ಕೆಲಸಕ್ಕೆ ಹೋದಾಗ ಮಗಳು ಮಧ್ಯಾಹ್ನ ಅಜ್ಜಿಯ ಪಕ್ಕದಲ್ಲೇ ಮಲಗುತ್ತಿದ್ದಳು. ಬೀಳಬಾರದೆಂದು ಗೋಡೆಯ ಕಡೆಗೆ ಮಲಗಿಸುವುದು ರೂಢಿ. ಇತ್ತೀಚೆಗೆ ಅತ್ತೆ ಅವಳನ್ನು ದಿವಾನದ ಹೊರ ಅಂಚಿಗೆ ಮಲಗಿಸಿಕೊಂಡು ತಾವು ಗೋಡೆಯ ಪಕ್ಕ ಮಲಗತೊಡಗಿದ್ದರು. ಮಗು ಉರುಳಿ ಬಿದ್ದರೆ ಎಂದು ನಾನು ಸಿಡುಕಿದರೆ, ಆ ಕಡೆ ಅವಳಿಗೆ ಸೆಕೆ ಎಂದು ಮಾತು ತೇಲಿಸಿಬಿಡುತ್ತಿದ್ದರು. ವಯಸ್ಸಾದವರ ಹಟ ಎಂದು ಬಿಟ್ಟೆ.

ಕೊನೆಗೆ ಒಂದು ರಾಜಿಯಾಯಿತು. ಒಂದು ಹಲಗೆಯನ್ನೂ ಕೀಳುವಂತಿಲ್ಲ, ಬಣ್ಣ ಬೇಕಾದರೆ ಬಳಿಯಿರಿ ಎಂದರು. ನಮಗೂ ಅದೇ ಅನುಕೂಲ, ಹೊಸ ಗೋಡೆ ಮಾಡಿಸುವ ತಾಕತ್ತು ಎಲ್ಲಿತ್ತು? ಶಿವಾಜಿನಗರದಿಂದ ಉಪ್ಪುಕಾಗದ, ಪ್ರೈಮರ್, ಥಿನ್ನರ್, ಕೆನೆಬಣ್ಣದ ಪೇಂಟು ತಂದೆವು. ಆ ಭಾನುವಾರ ದಿವಾನವನ್ನು ಅತ್ತೆಯ ಸಮೇತ ಕೋಣೆಯ ನಡುವಿಗೆ ಎಳೆದು, ಗಂಡ ಹಲಗೆ ಉಜ್ಜುತ್ತ ಹೋದ ಹಾಗೆ ನಾನು ಹಿಂದಿನಿಂದ ಬಿಳಿ ಪ್ರೈಮರ್ ಬಳಿಯುತ್ತ ಬಂದೆ. ಹಿತ್ತಲಲ್ಲಿ ವಾಷಿಂಗ್ ಮಷೀನ್ ಗರಗರ ತಿರುಗುತ್ತಿತ್ತು.

ಗೋಡೆಯ ಕೊನೆ ಮುಟ್ಟಿ ತಿರುಗಿ ನೋಡಿದರೆ ಎಲ್ಲ ಕಡೆ ಪ್ರೈಮರ್ ಹಸಿಯಾಗಿ ಹೊಳೆಯುತ್ತಿತ್ತು, ದಿವಾನವಿದ್ದ ಜಾಗದಲ್ಲಿ ಮಾತ್ರ ಒಣಗಿತ್ತು. ಅತ್ತೆಯ ಬೆನ್ನು ತಾಕುವ ಎತ್ತರದಲ್ಲಿ, ತಟ್ಟೆಯಗಲ. ಮರ ಕುಡಿಯಿತೇನೋ ಎಂದು ಮತ್ತೊಮ್ಮೆ ಬಳಿದೆ. ನಾನು ನೋಡುತ್ತಿದ್ದಂತೆಯೇ ಅಂಚಿನಿಂದ ಒಳಕ್ಕೆ ಒಣಗುತ್ತ ಬಂತು. ಅಂಗೈ ಇಟ್ಟೆ. ಆಗಷ್ಟೇ ಇಸ್ತ್ರಿ ಮಾಡಿದ ಬಟ್ಟೆಯಷ್ಟು ಬಿಸಿ. ಪಕ್ಕದ ಹಲಗೆ ತಣ್ಣಗಿತ್ತು. ಮೂಗು ಹತ್ತಿರ ತಂದೆ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಆ ವಾಸನೆ ನನಗೆ ಹೊಸದಲ್ಲ, ಬೀದಿಯ ಕೊನೆಯಲ್ಲಿ ಕಸ ಸುಡುತ್ತಾರೆಂದು ಬೈದುಕೊಂಡು ಕಿಟಕಿ ಹಾಕುತ್ತಿದ್ದೆ. ನನ್ನ ಕೈಯಲ್ಲಿ ಥಿನ್ನರ್ ಅದ್ದಿದ ಬಟ್ಟೆ, ಕಾಲ ಬುಡದಲ್ಲಿ ಮುಚ್ಚಳವಿಲ್ಲದ ಡಬ್ಬಿ.

"ಮೇನ್ ಆಫ್ ಮಾಡಿ ರೀ," ಅಂದೆ. ಮಗಳನ್ನು ಎತ್ತಿ ಪಕ್ಕದ ಮನೆಗೆ ಬಿಟ್ಟು, ಡಬ್ಬಿಯನ್ನು ಬೀದಿಗೆ ಇಟ್ಟು ಬಂದೆ. ಅಷ್ಟರಲ್ಲಿ ಗಂಡ ಮೇನ್ ಆಫ್ ಮಾಡಿ, ಅಮ್ಮನನ್ನು ಕೇಳದೆಯೇ ಆ ಹಲಗೆಯ ಸ್ಕ್ರೂ ಬಿಚ್ಚಿದ್ದರು.

ಹಲಗೆಯ ಹಿಂಬದಿಯಲ್ಲಿ ಯಾವುದೋ ಭಾಷೆಯ ಅಚ್ಚಕ್ಷರಗಳು ತಲೆಕೆಳಗಾಗಿದ್ದವು. ಅವುಗಳ ನಡುವೆ ಮರ ಇದ್ದಿಲಾಗಿತ್ತು, ಉಗುರು ತಾಕಿಸಿದರೆ ಉದುರುತ್ತಿತ್ತು. ಗೋಡೆಯ ಮೇಲೆ ಮಾವ ತಾವೇ ಹೊಸೆದು ಟೇಪು ಸುತ್ತಿದ್ದ ವೈರಿನ ಜೋಡಣೆ. ಒಂದು ಟ್ಯೂಬ್‌ಲೈಟು, ಒಂದು ರೇಡಿಯೋಗೆಂದು ಎಳೆದಿದ್ದ ವೈರು ಈಗ ನಮ್ಮ ಫ್ರಿಜ್ಜು, ವಾಷಿಂಗ್ ಮಷೀನುಗಳನ್ನೆಲ್ಲ ಹೊತ್ತಿತ್ತು. ಟೇಪು ಕರಗಿ ಇಳಿದಿತ್ತು. ನನ್ನ ಕಣ್ಣ ಮುಂದೆ ಬಂದದ್ದು ಒಂದೇ. ನಾನು ದೊಡ್ಡನೆಕ್ಕುಂದಿಯಲ್ಲಿ, ಗಂಡ ಮಾರತ್ತಹಳ್ಳಿಯಲ್ಲಿ, ಮನೆಯಲ್ಲಿ ಏಳಲಾಗದ ಮುದುಕಿ, ಚಿಲಕ ಎಟುಕದ ಮಗು.

ಗಂಡ ಹಲಗೆಯನ್ನು ಬೆನ್ನ ಹಿಂದೆ ಮರೆಮಾಡಿದರು. ಅತ್ತೆ ಕೈ ಚಾಚಿ ತೋರಿಸು ಎಂದರು. ತೊಡೆಯ ಮೇಲಿಟ್ಟುಕೊಂಡು ಕಪ್ಪಾದ ಜಾಗವನ್ನು ಬಹಳ ಹೊತ್ತು ಸವರಿದರು.

"ಬಿಸಿ ಜಾಸ್ತಿ ಆಗ್ತಿದೆ ಅಂತ ಗೊತ್ತಿತ್ತು ಕಣೋ," ಅಂದರು. "ಹೇಳಿದ್ರೆ ಅವರು ಹಾಕಿದ್ದನ್ನೆಲ್ಲ ಕಿತ್ತಾಕ್ತೀರ ಅಂತ ಸುಮ್ನಿದ್ದೆ."

ಗಂಡನಿಗೆ ಸಿಟ್ಟು ನೆತ್ತಿಗೇರಿತು. ಮಗು ಅಲ್ಲೇ ಮಲಗುತ್ತಿತ್ತಲ್ಲ ಎಂದು ಕೂಗಾಡಿದರು.

"ಮಗೂನ ಗೋಡೆ ಕಡೆ ಎಲ್ಲಿ ಮಲಗಿಸ್ತಿದ್ದೆ? ಮಧ್ಯದಲ್ಲಿ ನಾನಿದ್ದೆ," ಅಂದರು ಅತ್ತೆ.

ಮರುದಿನ ಎಲೆಕ್ಟ್ರಿಷಿಯನ್ ಬರುವವರೆಗೂ ಕರೆಂಟಿಲ್ಲ. ಮೇಣದಬತ್ತಿ ಹಚ್ಚಲು ನನಗೆ ಧೈರ್ಯ ಬರಲಿಲ್ಲ. ಸಂಜೆ ಮೊಬೈಲ್ ಬೆಳಕಿನಲ್ಲಿ ಅತ್ತೆಯ ಸೊಂಟಕ್ಕೆ ಎಣ್ಣೆ ಹಚ್ಚಲು ಕೂತೆ. ಎಷ್ಟೋ ದಿನಗಳಿಂದ ಅವರು ಬೇಡ ಬೇಡ ಎಂದು ತಪ್ಪಿಸಿಕೊಂಡಿದ್ದರು, ಆ ಸಂಜೆ ನಾನು ಬಿಡಲಿಲ್ಲ. ಸೆರಗು ಸರಿಸಿದೆ. ಬೆನ್ನಿನ ಮೇಲೆ ತಟ್ಟೆಯಗಲ ಚರ್ಮ ಕಂದಿ, ಬಲೆ ಬಲೆಯಾಗಿ ಕಪ್ಪುಗಟ್ಟಿತ್ತು. ಬೈಯಬೇಕೆಂದು ಇಡೀ ದಿನ ಮಾತು ಕೂಡಿಟ್ಟುಕೊಂಡಿದ್ದೆ. ಅಂಗೈಯನ್ನು ಆ ಕಂದಿದ ಚರ್ಮದ ಮೇಲಿಟ್ಟೆ. ಇನ್ನೂ ಬೆಚ್ಚಗಿತ್ತು.