ಮೂರನೇ ಭಾನುವಾರದ ಪ್ರಕಟಣೆ

ನನ್ನ ಅಕ್ಕನ ಗಂಡನನ್ನು ಊರವರು ಕರೆಯುತ್ತಿದ್ದದ್ದು ‘ಮೈಕು’ ಎಂದು. ಬಸ್ ನಿಲ್ದಾಣದಲ್ಲಿ ಇಪ್ಪತ್ತೊಂಬತ್ತು ವರ್ಷ ಪ್ರಕಟಣೆ ಹೇಳಿದ ಮನುಷ್ಯ. ಇಬ್ಬರು ಕೂತರೆ ಮೂರನೆಯವರು ಬಾಗಿಲಲ್ಲೇ ನಿಲ್ಲಬೇಕಾದಷ್ಟು ಸಣ್ಣ ಕೋಣೆ. ಒಂದು ಗಾಜಿನ ಕಿಟಕಿ, ಗೋಡೆಗೆ ಅಂಟಿಸಿದ ವೇಳಾಪಟ್ಟಿ, ಮೇಜಿನ ಮೇಲೆ ಮೈಕು. ಅದೇ ಗೋಡೆಯ ಆಚೆ ಬದಿಗೆ ಟಿಕೆಟ್ ಕೊಡುತ್ತ ಕೂರುವವಳು ನಾನು. ಹಾಗಾಗಿ ಭಾವನ ದನಿ ದಿನಕ್ಕೆ ಎಂಟು ಗಂಟೆ ನನ್ನ ಕಿವಿಯಲ್ಲಿರುತ್ತಿತ್ತು, ಉಳಿದದ್ದು ಅಕ್ಕನ ಪಾಲಿಗೆ.

ದನಿ ಅಂದರೆ ಅದು ದನಿ. ಬಸ್ಸು ಹೊರಟುಹೋಗಿದೆ ಎಂದು ಭಾವ ಹೇಳಿದರೆ ಕಣ್ಣೆದುರು ನಿಂತ ಬಸ್ಸನ್ನೂ ಜನ ನಂಬುತ್ತಿರಲಿಲ್ಲ. ಮನೆಯಲ್ಲೂ ಚಾಳಿ ಬಿಟ್ಟವರಲ್ಲ. ಅಡುಗೆ ತಡವಾದರೆ ಬಾಗಿಲಲ್ಲಿ ನಿಂತು, ಪ್ರಯಾಣಿಕರ ಗಮನಕ್ಕೆ, ಇಂದಿನ ಊಟ ಇಪ್ಪತ್ತು ನಿಮಿಷ ತಡವಾಗಿ ಬರಲಿದೆ ಎಂದು ಸಾರುತ್ತಿದ್ದರು. ಅಕ್ಕ ಸೌಟು ತೋರಿಸುತ್ತಿದ್ದಳು. ಇಂಥ ದನಿಯನ್ನು ಚರ್ಚಿನವರು ಬಿಟ್ಟಾರೆಯೇ? ಭಾನುವಾರದ ಆರಾಧನೆ ಮುಗಿಯುವ ಮುಂಚೆ ಪ್ರಕಟಣೆ ಓದುವ ಕೆಲಸ ಭಾವನ ತಲೆಗೆ ಬಂತು. ಯಾರಿಗೆ ಕಾಯಿಲೆ, ಯಾವ ದಿನ ಕೂಟ, ಯಾರ ಮದುವೆ, ಎಲ್ಲ ಅವರ ಬಾಯಿಂದಲೇ.

ಮದುವೆಯ ಪ್ರಕಟಣೆಗೆ ನಮ್ಮಲ್ಲಿ ಒಂದು ಕಟ್ಟಳೆ ಇದೆ. ಅದನ್ನು ಮೂರು ಭಾನುವಾರ ಓದಬೇಕು. ಇಂಥವರ ಮಗನಿಗೂ ಇಂಥವರ ಮಗಳಿಗೂ ಮದುವೆ ನಿಶ್ಚಯವಾಗಿದೆ, ಅಡ್ಡಿಯೇನಾದರೂ ಇದೆ ಎಂದು ಬಲ್ಲವರು ತಿಳಿಸಬೇಕು, ತಿಳಿದೂ ಮುಚ್ಚಿಡುವುದು ದೇವರ ಮುಂದೆ ಪಾಪ ಎಂದು ಹೇಳಿ, ಮನಸ್ಸಿನಲ್ಲೇ ಐದು ಎಣಿಸುವಷ್ಟು ಹೊತ್ತು ಸುಮ್ಮನೆ ನಿಲ್ಲಬೇಕು. ಭಾವ ಓದಲು ಶುರುಮಾಡಿ ಹತ್ತೊಂಬತ್ತು ವರ್ಷವಾಗಿತ್ತು. ಆ ಐದು ಎಣಿಕೆಯಲ್ಲಿ ಯಾರೂ ಎದ್ದು ನಿಂತದ್ದಿಲ್ಲ.

ಇನ್ನು ಅವರ ಮಗನ ಮಾತು. ಒಬ್ಬನೇ ಮಗ, ಹಲ್ಲಿನ ಡಾಕ್ಟರರಿಗೆ ಕಟ್ಟುಹಲ್ಲು ಮಾಡಿಕೊಡುವ ಕೆಲಸ. ಮಾತು ಕಡಿಮೆ, ಕೈ ನಾಜೂಕು. ಇಪ್ಪತ್ತನಾಲ್ಕರ ವಯಸ್ಸಿನಲ್ಲಿ, ಅಕ್ಕ ಮನೆಯಲ್ಲಿಲ್ಲದ ಒಂದು ಮಧ್ಯಾಹ್ನ, ಅವನು ಅಪ್ಪನ ಮುಂದೆ ಕೂತು ಹೇಳಿಬಿಟ್ಟ. ತನಗೆ ಹೆಣ್ಣಿನ ಮೇಲೆ ಮನಸ್ಸು ಹೋಗುವುದಿಲ್ಲ, ಹೋಗುವುದು ಗಂಡಿನ ಮೇಲೆ, ಹುಡುಗನಾಗಿದ್ದಾಗಿನಿಂದಲೂ ಹಾಗೆಯೇ, ಎಷ್ಟು ಪ್ರಾರ್ಥಿಸಿದರೂ ಬದಲಾಗಿಲ್ಲ ಎಂದ. ತಾನು ಯಾರ ಜೊತೆಗೂ ಹೋಗಿಲ್ಲ, ಚರ್ಚಿನ ಬೋಧನೆ ಮೀರುವ ಮನಸ್ಸೂ ಇಲ್ಲ, ಒಂಟಿಯಾಗಿ ಇದ್ದುಬಿಡುತ್ತೇನೆ, ಮದುವೆಯ ಮಾತೊಂದು ಎತ್ತಬೇಡಿ ಎಂದ. ಅವನು ಕೇಳಿದ್ದು ಅಷ್ಟೇ.

ಇದೆಲ್ಲ ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ, ಭಾವ ನನ್ನ ಮನೆಯ ಮೆಟ್ಟಿಲ ಮೇಲೆ ಕೂತು ಬಾಯಿಬಿಟ್ಟಾಗ. ಕೇಳಿ ನನಗೆ ಬಂದದ್ದು ಕಣ್ಣೀರಲ್ಲ, ಸಿಟ್ಟು. ನಾನೂ ಆ ಬೋಧನೆಯನ್ನು ನಂಬುವವಳೇ. ದೇವರು ಗಂಡನ್ನೂ ಹೆಣ್ಣನ್ನೂ ಸೃಷ್ಟಿಸಿ ಮದುವೆಯಲ್ಲಿ ಒಂದು ಮಾಡಿದ, ಮೈಯ ನಂಟು ಅಲ್ಲಿಗೇ ಸೇರಿದ್ದು, ಬೇರೆ ಕಡೆಗಲ್ಲ. ಆದರೆ ಅದೇ ಬೋಧನೆಗೆ ಇನ್ನರ್ಧ ಉಂಟು. ಮದುವೆ ಯಾರಿಗೆ ಒದಗುವುದಿಲ್ಲವೋ ಅವರು ಒಂಟಿಯಾಗಿ ಶುದ್ಧವಾಗಿ ಬಾಳಬಹುದು, ಅವರಿಗೆ ಸಭೆಯೇ ಮನೆ, ಸಭೆಯೇ ಬಂಧುಬಳಗ. ಮೊದಲರ್ಧವನ್ನು ಎಲ್ಲರೂ ಬಾಯಿಪಾಠ ಹೇಳುತ್ತಾರೆ. ಎರಡನೆಯದು ಯಾರಿಗೂ ಬೇಡ. ಐವತ್ಮೂರು ವರ್ಷದಿಂದ ಒಂಟಿಯಾಗಿರುವ ನನಗೇ ಗೊತ್ತು, ಆರಾಧನೆ ಮುಗಿದ ಮೇಲೆ ಎಲ್ಲರೂ ಕೈಕುಲುಕಿ ಅವರವರ ಮನೆಗೆ ಊಟಕ್ಕೆ ಹೋಗುತ್ತಾರೆ, ನೀನು ಎಲ್ಲಿ ಉಣ್ಣುತ್ತೀಯ ಎಂದು ಕೇಳುವವರಿಲ್ಲ.

ಭಾವ ಮಗನಿಗೆ ಹೇಳಿದ್ದು, ಇದು ವಯಸ್ಸಿನ ಗೊಂದಲ, ಮದುವೆಯಾದರೆ ಎಲ್ಲ ಸರಿಹೋಗುತ್ತೆ ಎಂದು. ಪಾದ್ರಿಯನ್ನು ಕೇಳಿದ್ದರೆ ಮದುವೆ ಔಷಧಿಯಲ್ಲ ಎಂದು ಬೈಯುತ್ತಿದ್ದರು, ಅದಕ್ಕೇ ಕೇಳಲಿಲ್ಲ. ಅಕ್ಕನಿಗೂ ಹೇಳಲಿಲ್ಲ. ನಾಲ್ಕು ವರ್ಷ ಅಪ್ಪ ಹೇಳುತ್ತಲೇ ಇದ್ದರು, ಮಗ ಬೇಡ ಎನ್ನುತ್ತಲೇ ಇದ್ದ. ಹನಿ ಬಿದ್ದು ಬಿದ್ದು ಕಲ್ಲು ಸವೆದಂತೆ ಕಡೆಗೊಂದು ದಿನ ಹೂಂ ಎಂದುಬಿಟ್ಟ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಭಾವ ಸುಳ್ಳೇ ಹೇಳಲಿಲ್ಲ, ಒಂದು ನಿಜ ನುಂಗಿಕೊಂಡರು, ಅಷ್ಟೇ ಸಾಕಾಯಿತು.

ಹುಡುಗಿ ನಮ್ಮ ಸಭೆಯವಳೇ, ಕನ್ನಡಕದ ಅಂಗಡಿಯಲ್ಲಿ ಕೆಲಸ. ತಂದೆಯಿಲ್ಲ, ತಾಯಿಗೆ ಒಬ್ಬಳೇ ಮಗಳು. ನಗುಮುಖ, ಖಡಾಖಂಡಿತ ಮಾತು. ಮೊದಲನೇ ಭಾನುವಾರ ಭಾವ ಆ ಎರಡು ಹೆಸರನ್ನು ಓದಿದಾಗ ಎದೆಯುಬ್ಬಿಸಿಕೊಂಡು ಓದಿದರು. ಐದು ಎಣಿಸಿದರು. ಅಕ್ಕ ಪಕ್ಕದಲ್ಲಿ ಕೂತು ನನ್ನ ಕೈ ಹಿಸುಕಿದ್ದು ನನಗೆ ಈಗಲೂ ನೆನಪಿದೆ.

ಮಂಗಳವಾರ ಸಂಜೆ ಹುಡುಗಿ ಭಾವನ ಮನೆಗೆ ಬಂದಳು. ಪ್ರಕಟಣೆ ಓದುವಾಗ ಕಾಗದವನ್ನು ದೂರ ಹಿಡಿದಿದ್ದನ್ನು ನೋಡಿ, ಮಾವನ ಕನ್ನಡಕ ಬದಲಾಗಬೇಕು ಎಂದು ಅಂಗಡಿಯಿಂದ ಕಣ್ಣು ಪರೀಕ್ಷಿಸುವ ಗಾಜುಗಳ ಪೆಟ್ಟಿಗೆಯನ್ನೇ ತಂದಿದ್ದಳು. ಅಕ್ಕ ಒಳಗೆ ಏನೋ ಮಾಡುತ್ತಿದ್ದಳು. ಹುಡುಗಿ ಒಂದೊಂದೇ ಗಾಜು ಭಾವನ ಕಣ್ಣಿಗೆ ಇಟ್ಟು, ಈಗ ಕಾಣುತ್ತಾ, ಈಗ ಕಾಣುತ್ತಾ ಎಂದು ಕೇಳುತ್ತ, ನಡುವೆ ತಾನಾಗಿಯೇ ಹೇಳಿದಳು.

“ಮಾವ, ನಿಮ್ಮ ಮಗ ಎಂಥ ಶುದ್ಧ ಮನಸ್ಸಿನವರು ಗೊತ್ತಾ. ಇಷ್ಟು ದಿನ ಒಟ್ಟಿಗೆ ಓಡಾಡಿದೀವಿ, ಒಂದು ಸಲ ಕೂಡ ನನ್ನ ಕೈ ಹಿಡಿದಿಲ್ಲ. ನನ್ನ ಗೆಳತೀರಿಗೆ ಸಿಕ್ಕಿರೋ ಹುಡುಗರನ್ನ ನೋಡಿದೀನಲ್ಲ. ಇಂಥವರನ್ನ ಕೊಡು ಅಂತಾನೇ ನಾನು ದೇವರ ಹತ್ರ ಕೇಳಿದ್ದು.”

ಆಮೇಲೆ ಮಕ್ಕಳ ಮಾತು ಬಂತು. ಒಂಟಿಯಾಗಿ ಬೆಳೆದು ಸಾಕಾಗಿದೆ, ನಾಲ್ಕು ಮಕ್ಕಳಾದರೂ ಬೇಕು, ಮನೆ ಗಲಗಲ ಅನ್ನಬೇಕು ಎಂದಳು. ಯಾವುದನ್ನು ಈ ಹುಡುಗಿ ಶೀಲ ಎಂದು ತಿಳಿದಿದ್ದಾಳೋ ಅದು ಶೀಲವೂ ಹೌದು, ಆದರೆ ಅವಳು ತಿಳಿದಂಥದ್ದಲ್ಲ. ನಾಲ್ಕು ವರ್ಷದಲ್ಲಿ ಭಾವ ಮಗನ ಬಗ್ಗೆ ಯೋಚಿಸಿದ್ದರು, ಮಾನದ ಬಗ್ಗೆ ಯೋಚಿಸಿದ್ದರು. ಆ ಮಂಚದ ಇನ್ನೊಂದು ಬದಿಗೆ ಒಬ್ಬಳು ಮಲಗುತ್ತಾಳೆ, ನನ್ನಲ್ಲೇನು ಕೊರತೆ ಎಂದು ವರ್ಷಗಟ್ಟಲೆ ಗೋಡೆ ನೋಡುತ್ತಾಳೆ ಎಂಬುದು ಆವತ್ತೇ ಮೊದಲು ಹೊಳೆದದ್ದಂತೆ.

ಎರಡನೇ ಭಾನುವಾರ ಓದುವಾಗ, ತಿಳಿದೂ ಮುಚ್ಚಿಡುವುದು ಪಾಪ ಎಂಬಲ್ಲಿ ಭಾವನಿಗೆ ಕೆಮ್ಮು ಬಂತು. ಐದು ಎಣಿಸಬೇಕಾದಲ್ಲಿ ಎರಡೇ ಎಣಿಸಿ ಮುಂದಿನ ಪ್ರಕಟಣೆಗೆ ಹೋದರು. ಸೋಮವಾರ ಬಸ್ ನಿಲ್ದಾಣದಲ್ಲಿ ಏಳನೇ ಪ್ಲಾಟ್‌ಫಾರಂ ಬಸ್ಸನ್ನು ಎರಡಕ್ಕೆ ಕೂಗಿದರು, ಮೂಟೆ ಹೊತ್ತ ಜನ ಆ ತುದಿಯಿಂದ ಈ ತುದಿಗೆ ಓಡಿ ಬಸ್ಸು ತಪ್ಪಿಸಿಕೊಂಡರು. ಬೈಗುಳವೆಲ್ಲ ನನ್ನ ಕಿಟಕಿಗೆ ಬಂತು. ನಾನು ಒಳಗೆ ಹೋಗಿ, ಏನು ಭಾವ, ಮಗನ ಮದುವೆಯ ಗುಂಗೇ ಎಂದು ಕೆಣಕಿದೆ. ಅವರು ನನ್ನ ಮುಖ ನೋಡಲಿಲ್ಲ.

ಅವತ್ತು ಸಂಜೆ ಭಾವ ಮಗನ ಕೆಲಸದ ಕೋಣೆಗೇ ಹೋದರಂತೆ. ಅವನು ಅಚ್ಚಿನಲ್ಲಿ ಮೇಣ ತುಂಬುತ್ತಿದ್ದ. ಆ ಹುಡುಗಿಗೆ ನಿಜ ಹೇಳಿಬಿಡು, ಇಲ್ಲವೇ ಏನಾದರೂ ನೆಪ ತೆಗೆದು ಮದುವೆ ಬಿಡು ಎಂದು ಭಾವ ಕೈಮುಗಿಯುವುದೊಂದು ಬಾಕಿ. ಮಗ ಕೈಲಿದ್ದ ಕೆಲಸ ನಿಲ್ಲಿಸದೆ ಕೇಳಿದ.

“ಮದುವೆ ಆದ್ರೆ ಎಲ್ಲ ಸರಿಹೋಗುತ್ತೆ ಅಂತ ನಾಲ್ಕು ವರ್ಷ ನೀವೇ ಹೇಳಿದ್ರಿ. ನಾನು ನಂಬೋಕೆ ಶುರುಮಾಡಿದೀನಿ ಅಪ್ಪ. ಈಗ ಸರಿಹೋಗಲ್ಲ ಅಂತೀರಾ?”

ಭಾವ ಬಂದ ದಾರಿಯಲ್ಲೇ ಹಿಂದಿರುಗಿದರು. ಗುರುವಾರ ಪಾದ್ರಿಯ ಮನೆಗೆ ಹೋದರು. ಪಾದ್ರಿ ಖುಷಿಯಲ್ಲಿದ್ದರು, ಬಾಗಿಲಲ್ಲೇ ತಬ್ಬಿಕೊಂಡರು, ಮದುವೆಯ ದಿನ ಕುರ್ಚಿ ಎಲ್ಲಿಂದ ತರಿಸುವುದು ಎಂಬ ಮಾತಿಗೆ ಎಳೆದುಕೊಂಡರು. ಪಾದ್ರಿಯ ಹೆಂಡತಿ ಅಕ್ಕನಿಗೆ ಯಾವ ಬಣ್ಣದ ಸೀರೆ ಎಂದು ವಿಚಾರಿಸಿದರು. ಒಂದು ಗಂಟೆ ಕೂತು ಭಾವ ಎದ್ದು ಬಂದರು. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಶುಕ್ರವಾರ ಕನ್ನಡಕದ ಅಂಗಡಿಯ ಎದುರಿನ ಬೀದಿಯಲ್ಲಿ ಮೂರು ಸಲ ಓಡಾಡಿದರು. ಒಳಗಿಂದ ಅವಳು ಕೈಬೀಸಿದಳು, ಇವರೂ ಕೈಬೀಸಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತೇವೆ. ಆಡದೆ ಹೋಗುವುದಕ್ಕೆ ಗಾದೆ ಯಾರೂ ಕಟ್ಟಿಲ್ಲ. ಆ ವಾರದಲ್ಲಿ ಭಾವ ನನ್ನ ಹತ್ತಿರ ಬಂದಿದ್ದರೆ ನಾನೇ ಹೋಗಿ ಹೇಳಿಬರುತ್ತಿದ್ದೆ. ಆ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.

ಮೂರನೇ ಭಾನುವಾರ. ಚರ್ಚು ತುಂಬಿತ್ತು. ಭಾವ ಎರಡು ಹೆಸರು ಓದಿದರು, ಅಡ್ಡಿಯ ಮಾತು ಓದಿದರು, ಪಾಪದ ಮಾತು ಓದಿದರು. ಎಣಿಸಲು ನಿಂತರು. ಐದಾಯಿತು, ಹತ್ತಾಯಿತು. ಪಾದ್ರಿ ತಲೆಯೆತ್ತಿ ನೋಡಿದರು. ಆಗ ಭಾವ ಬಸ್ಸು ಕೂಗುವ ಅದೇ ಸ್ಪಷ್ಟ ದನಿಯಲ್ಲಿ ಹೇಳಿದರು.

“ಅಡ್ಡಿ ಇದೆ. ನನಗೆ ಗೊತ್ತು.”

ಅವರ ಲೆಕ್ಕ ಬೇರೆ ಇತ್ತು. ಅಡ್ಡಿ ಹೇಳಿದವರನ್ನು ಪಾದ್ರಿ ಒಳಕೋಣೆಗೆ ಕರೆದು ಬಾಗಿಲು ಹಾಕಿಕೊಂಡು ಕೇಳಬೇಕೆಂಬ ನಿಯಮವಿದೆ. ಇದೆ ಎಂದರೆ ಸಾಕು, ಮಿಕ್ಕದ್ದು ಅಲ್ಲಿ ಮೆಲ್ಲಗೆ ಹೇಳಿದರಾಯಿತು, ಮಗನ ಮಾನವೂ ಉಳಿಯುತ್ತದೆ, ಹುಡುಗಿಯೂ ಉಳಿಯುತ್ತಾಳೆ ಎಂದುಕೊಂಡಿದ್ದರು. ಪ್ರಕಟಣೆ ಕೇಳಿದ ಜನ ಯಾವ ಕಡೆ ನುಗ್ಗುತ್ತಾರೆ ಎಂದು ಅಷ್ಟು ವರ್ಷ ನೋಡಿದವರಿಗೆ ಇದು ಹೊಳೆಯಲಿಲ್ಲ. ಹುಡುಗನ ತಂದೆಯೇ ಅಡ್ಡಿ ಎಂದ ಮೇಲೆ ತಪ್ಪು ಯಾರದ್ದಿರಬೇಕು? ಇಡೀ ಚರ್ಚು ತಿರುಗಿ ಹುಡುಗಿಯನ್ನು ನೋಡಿತು. ಹಿಂದಿನ ಸಾಲಲ್ಲಿ ಯಾರೋ, ನಾನಂದುಕೊಂಡಿದ್ದೆ ಎಂದದ್ದು ನನ್ನ ಕಿವಿಗೇ ಬಿತ್ತು.

ಪಾದ್ರಿ ಎದ್ದು ಭಾವನ ತೋಳು ಹಿಡಿಯುವಷ್ಟರಲ್ಲಿ ಹುಡುಗಿ ನಿಂತುಬಿಟ್ಟಳು. ಮುಖ ಬಿಳಿಚಿಕೊಂಡಿತ್ತು, ದನಿ ನಡುಗಲಿಲ್ಲ.

“ಒಳಗೆ ಬೇಡ. ಎಲ್ಲರ ಮುಂದೆ ಅಂದ್ರಿ, ಎಲ್ಲರ ಮುಂದೇನೇ ಹೇಳಿ. ನನ್ನಲ್ಲಿ ಏನು ತಪ್ಪು ಕಂಡ್ರಿ ಮಾವ?”

ಭಾವ ಬಾಯಿ ತೆರೆದರು. ಮಗನ ಹೆಸರು ಹೇಳಬೇಕು, ಇಲ್ಲ ಈ ಹುಡುಗಿಯ ಬಾಳಿಗೆ ಮಸಿ ಬಳಿಯಬೇಕು. ಬಾಯಿಂದ ಗಾಳಿ ಬಂತು, ಮಾತು ಬರಲಿಲ್ಲ. ಹುಡುಗಿಯ ತಾಯಿ ಅವಳ ಸೆರಗು ಹಿಡಿದು ಕೂರಿಸಲು ಎಳೆಯುತ್ತಿದ್ದಳು.

ನಮ್ಮ ಸಾಲಿನಲ್ಲಿ ಅಕ್ಕನ ಆಚೆ ಬದಿಗೆ ಕೂತಿದ್ದ ಹುಡುಗ ಎದ್ದ. ಅಪ್ಪನನ್ನು ನೋಡಲಿಲ್ಲ, ಅವಳನ್ನೇ ನೋಡಿ ಹೇಳಿದ.

“ತಪ್ಪು ನಿಂದಲ್ಲ. ಅಡ್ಡಿ ನಾನು. ನನಗೆ ಹೆಣ್ಣಿನ ಮೇಲೆ ಮನಸ್ಸು ಬರೋದಿಲ್ಲ. ನಿನಗೆ ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ, ಕ್ಷಮಿಸು.”

ಅಕ್ಕನಿಗೆ ತನ್ನ ಮಗನ ಸಂಗತಿ ತಿಳಿದದ್ದು ಹೀಗೆ, ಮುನ್ನೂರು ಜನರ ನಡುವೆ. ಹುಡುಗಿ ಒಂದು ಕ್ಷಣ ಅವನನ್ನು ದಿಟ್ಟಿಸಿದಳು. ಆಮೇಲೆ ತಾಯಿಯ ಕೈ ಹಿಡಿದು ಹೊರಗೆ ನಡೆದಳು. ಪಾದ್ರಿ ಕೆಳಗಿಳಿದು ಬಂದು, ಮಗನೇ, ಇಲ್ಲಿ ನಿನಗೆ ಜಾಗವಿದೆ, ಹೋಗಬೇಡ ಎಂದರು. ಅವರು ಮನಸಾರೆ ಅಂದದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ಜನ ಆಗಲೇ ಮಕ್ಕಳನ್ನು ಎಬ್ಬಿಸಿಕೊಂಡು ದಾರಿ ಬಿಟ್ಟು ನಿಂತಿದ್ದರು. ಹುಡುಗ ಆ ದಾರಿಯಲ್ಲೇ ಹೊರಟುಹೋದ.

ಈಗ ಅವನು ಆರು ಗಂಟೆ ಪ್ರಯಾಣದ ಊರಿನಲ್ಲಿದ್ದಾನೆ. ಹುಡುಗಿಗೆ ಬೇರೆ ಕಡೆ ಮದುವೆಯಾಯಿತು, ಒಂದು ಮಗು ಇದೆ, ದೇವರು ದೊಡ್ಡವನು. ಭಾವ ಚರ್ಚಿನಲ್ಲಿ ಓದುವುದು ಬಿಟ್ಟರು, ನಿಲ್ದಾಣದಿಂದ ನಿವೃತ್ತರಾದರು. ಅಕ್ಕ ಅವರಿಗೆ ಬಡಿಸುತ್ತಾಳೆ, ಮಾತಾಡುವುದಿಲ್ಲ. ಹೋದ ತಿಂಗಳು ಭಾವ ಯಾರಿಗೂ ಹೇಳದೆ ಬೆಳಗಿನ ಬಸ್ಸು ಹತ್ತಿ ಮಗನ ಊರಿಗೆ ಹೋಗಿ ಬಂದರು. ಬಂದವರು ರಾತ್ರಿಯಾಗಿದ್ದರೂ ನೆಟ್ಟಗೆ ನನ್ನ ಮನೆಗೆ ಬಂದರು.

ಏನು ಕಂಡಿರಿ ಎಂದು ಕೇಳಿದೆ. ಒಂದು ಕೋಣೆ, ಒಂದು ಚಾಪೆ, ಒಂದು ತಟ್ಟೆ, ಒಂದು ಲೋಟ ಎಂದರು. ಯಾರೂ ಇಲ್ಲ, ಅಂದಂತೆಯೇ ಒಂಟಿಯಾಗಿದ್ದಾನೆ ಎಂದರು. ಚರ್ಚಿಗೆ ಹೋಗುತ್ತೀಯಾ ಎಂದು ಕೇಳಬೇಕೆಂದು ಹೋದವರಿಗೆ ಕೇಳಲು ನಾಲಿಗೆ ಏಳಲಿಲ್ಲವಂತೆ. ಮಗ ಪಕ್ಕದ ಮನೆಯಿಂದ ಇನ್ನೊಂದು ತಟ್ಟೆ ತಂದು ಬಡಿಸಿದ, ಊಟದ ಮೇಲೆ ಒರಗಲು ಚಾಪೆ ಬಿಟ್ಟುಕೊಟ್ಟ, ಸಂಜೆ ಬಸ್ಸಿಗೆ ಹತ್ತಿಸಿ ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟ. ಮತ್ತೆ ಬನ್ನಿ ಎನ್ನಲಿಲ್ಲ, ಬರಬೇಡಿ ಎಂದೂ ಎನ್ನಲಿಲ್ಲ.

“ತುಂಬಾ ಚೆನ್ನಾಗಿ ನೋಡ್ಕೊಂಡ ಕಣಮ್ಮ,” ಎಂದರು ಭಾವ, “ನೆಂಟರನ್ನ ನೋಡ್ಕೊಂಡ ಹಾಗೆ.”