ಅಪ್ಪನ ಲಿವರ್, ಮೀನಿನ ಕಿವಿರು

ಅಪ್ಪನ ಲಿವರ್ ಕೆಟ್ಟಿದೆ ಎಂದು ಗೊತ್ತಾದದ್ದೇ ತಡ, ನಮ್ಮ ಬೀದಿಯವರು ಅವನನ್ನು ಕುಡುಕ ಎಂದು ತೀರ್ಮಾನಿಸಿಬಿಟ್ಟರು. ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟದ ಮನುಷ್ಯ. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗುವುದಿಲ್ಲ ಅಂತ ಅಮ್ಮ ಸುಮ್ಮನಾದಳು. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ರಾಜಾಜಿನಗರದ ಒಂದು ಶೆಡ್ಡಿನಲ್ಲಿ, ಲೋಹದ ಲೇಪ ಹಾಕುವ ಪ್ಲೇಟಿಂಗಿಗೆ ಹೋಗುವ ಕಬ್ಬಿಣದ ಬಿಡಿಭಾಗಗಳನ್ನು ಸಾಲ್ವೆಂಟ್ ತೊಟ್ಟಿಯಲ್ಲಿ ಅದ್ದಿ ಜಿಡ್ಡು ಬಿಡಿಸುವುದು ಅಪ್ಪನ ಕೆಲಸ. ಅದರ ಆವಿಯಲ್ಲೇ ಅವನು ಮುದುಕನಾದ. ಆ ಕೆಲಸ ಬಿಡಲೇಬೇಕು ಎಂದರು ಡಾಕ್ಟರು. ಅಪ್ಪ ತಲೆಯಾಡಿಸಿದ, ಸೋಮವಾರ ಮತ್ತೆ ಶೆಡ್ಡಿಗೆ ಹೊರಟ.

ನಾನಾಗ ಬೆಂಗಳೂರಿನದೇ ಉಲ್ಲಾಳದ ಹತ್ತಿರದ ಕ್ಯಾಂಪಸ್ಸಿನಲ್ಲಿ ಮೀನುಗಳ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಮೈ ಸೇರಿದ ರಾಸಾಯನಿಕವನ್ನು ಒಡೆಯುವುದು ಲಿವರ್ ಒಂದೇ ಅಲ್ಲ. ಕಿವಿರು, ಕರುಳು, ಕಿಡ್ನಿಯೂ ಒಡೆಯುತ್ತವೆ. ಕೊಳಚೆ ಸೇರುವ ಕೆರೆಯ ಮೀನಿನಲ್ಲಂತೂ ಕಿವಿರು ವಿಪರೀತ ದುಡಿಯುತ್ತಿತ್ತು. ನೀರು ಮೊದಲು ತಾಗುವುದು ಅದಕ್ಕೇ ತಾನೆ. ಊಟಕ್ಕೆ ಕೂತಾಗ ಮಾತಿಗೆ ಮಾತು ಬಂದು ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಅವನು ತುತ್ತು ಕೈಯಲ್ಲೇ ಹಿಡಿದು ಕೇಳಿಸಿಕೊಂಡ.

ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. ಮಾರನೆಯ ದಿನದಿಂದ ಯಾರು ವಿಚಾರಿಸಿದರೂ ಅಪ್ಪನದು ಒಂದೇ ಮಾತು: ಲಿವರ್ ಕೈಕೊಟ್ಟರೆ ಮಿಕ್ಕವು ನೋಡಿಕೊಳ್ಳುತ್ತವಂತೆ, ಮಗಳು ಓದಿ ಕಂಡುಹಿಡಿದಿದ್ದಾಳೆ. ಕಣ್ಣು ಅರಿಶಿನದ ಬಣ್ಣಕ್ಕೆ ತಿರುಗಿದ್ದರೂ ಹೊಸ ಮದುಮಗನ ಹುರುಪಿನಲ್ಲಿ ಡಬ್ಬಿ ಹಿಡಿದು ಬಸ್ಸು ಹತ್ತುತ್ತಿದ್ದ.

ನನಗೆ ರೇಗಿತು, ಹೆದರಿಕೆಯೂ ಆಯಿತು. ಒಂದು ಭಾನುವಾರ ಕೂರಿಸಿಕೊಂಡು ಉಳಿದರ್ಧವನ್ನೂ ಹೇಳಿದೆ. ಒಡೆಯುವುದು ಎಂದರೆ ಯಾವಾಗಲೂ ಶುದ್ಧ ಮಾಡುವುದಲ್ಲ. ಕೆಲವು ರಾಸಾಯನಿಕಗಳು ಒಡೆದ ಮೇಲೇ ನಿಜವಾದ ವಿಷವಾಗುತ್ತವೆ, ಒಡೆದ ಅಂಗವನ್ನೇ ಮೊದಲು ಹಾಳುಮಾಡುತ್ತವೆ. ಆ ಕೆರೆಯ ಮೀನುಗಳ ಕಿವಿರಿನ ಎಸಳುಗಳು ಊದಿ ಒಂದಕ್ಕೊಂದು ಅಂಟಿಕೊಂಡಿದ್ದವು. ತೊಟ್ಟಿಯ ಸಾಲ್ವೆಂಟೂ ಕಿಡ್ನಿಯಲ್ಲಿ ಮಾಡುವುದು ಇದನ್ನೇ ಎಂದೆ.

ಅಪ್ಪ ತನ್ನ ಅಂಗೈ ತಿರುಗಿಸಿ ನೋಡಿಕೊಂಡ.

"ಮೀನಿಗಾದ್ರೆ ನೀರು ಬಿಟ್ಟು ಎಲ್ಲಿಗೂ ಹೋಗೋಕಾಗಲ್ಲ ಕಣಮ್ಮ," ಅಂದ. "ನಾನು ಹೋಗ್ಬಹುದಿತ್ತು, ಅಲ್ವಾ?"

ಮರುದಿನ ಅಪ್ಪ ಶೆಡ್ಡಿಗೆ ಹೊರಡಲಿಲ್ಲ. ಸದ್ಯ, ಗೆದ್ದೆ ಎಂದುಕೊಂಡೆ. ಅದರಾಚೆಯ ದಿನ ಅವನು ಹಾಸಿಗೆಯಿಂದಲೇ ಏಳಲಿಲ್ಲ. ಅಮ್ಮ ಗಂಜಿ ತಂದರೆ ಗೋಡೆಯ ಕಡೆ ತಿರುಗಿಕೊಂಡ. ವಾರವಿಡೀ ಹೀಗೇ ಆಯಿತು. ಕೊನೆಗೆ ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು.

"ಮೊದಲು ಹೇಳಿದ್ದೇ ನಿಜ ಅಂತ ಹೇಳೇ. ಎದ್ದು ಕೂತ್ಕೊಂಡ್ರೆ ಸಾಕು."

ಹೋಗಿ ಹೇಳಿದೆ. ಅಪ್ಪ ನನ್ನ ತಲೆ ಸವರಿದ. ನಂಬಲಿಲ್ಲ.